ಬುದ್ಧಿ ಹೇಳಿ ಕಳಿಸಿದ ಮೇಲೆ ಹುಡುಗ ವಾಪಸ್ ಹೋಗೋದು ಅದೇ ಮನೆಗೆ ತಾನೇ?

"ಪೋಷಕರನ್ನು ಠಾಣೆಗೆ ಕರೆಸಿ, ಹುಡುಗರಿಗೆ ಬುದ್ಧಿವಾದ ಹೇಳಿ ಕಳುಹಿಸಲಾಯಿತು."

ಈ ಸಾಲನ್ನ ನೀವು ನಮ್ಮಲ್ಲಿ ಎಷ್ಟೋ ಸಲ ಓದಿದ್ದೀರಿ. ಅದರಲ್ಲಿ ಅರ್ಧ ನಾನೇ ಬರೆದಿದ್ದು. ಕಾಲೇಜು ಬಿಡೋ ಹೊತ್ತಿಗೆ ಬಸ್ ಸ್ಟ್ಯಾಂಡ್ ಹಿಂದೆ ಎರಡು ಗುಂಪು ಹೊಡೆದಾಡುತ್ತೆ. ಇನ್‌ಸ್ಟಾಗ್ರಾಮ್‌ನಲ್ಲಿ ಯಾರೋ ಹಾಕಿದ ಒಂದು ಕಾಮೆಂಟೇ ಕಾರಣ ಆಗಿರುತ್ತೆ. ಒಬ್ಬನ ಬ್ಯಾಗಲ್ಲಿ ಚಾಕು ಸಿಗುತ್ತೆ. ಪೊಲೀಸರು ಬರ್ತಾರೆ, ಅಪ್ಪ ಅಮ್ಮ ಓಡಿ ಬರ್ತಾರೆ, ಇಬ್ಬರು ಮುಖಂಡರು ಸೇರ್ತಾರೆ, ಮುಚ್ಚಳಿಕೆ ಬರೆಸಿಕೊಳ್ತಾರೆ. ನಾನು ನಾಲ್ಕು ಸಾಲು ಬರೆದು ಕಳಿಸ್ತೀನಿ. ಸುದ್ದಿ ಮುಗೀತು.

ಹುಡುಗ ಮಾತ್ರ ಸಂಜೆ ಅದೇ ಮನೆಗೆ ಹೋಗ್ತಾನೆ. ಅವನಿಗೆ ಮೊದಲು ಬೀಳೋದು ಅಪ್ಪನ ಬೆಲ್ಟ್ ಏಟು. ಆಮೇಲೆ ಅಮ್ಮನ ಅಳು. ಆಮೇಲೆ ಅಪ್ಪ ಅಮ್ಮನ ಜಗಳ, "ನಿನ್ನಿಂದಲೇ ಹಾಳಾದ" ಅಂತ. ಹುಡುಗ ಎದ್ದು ಹೊರಗೆ ಹೋಗ್ತಾನೆ. ಹೊರಗೆ ಕಾಯ್ತಾ ಇರೋರು ಅದೇ ಸ್ನೇಹಿತರು.

ಈ ಬರಹ ಆ ಸಂಜೆಯ ಬಗ್ಗೆ. ಯಾಕೆ ಬರೀತಿದ್ದೀನಿ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ.

ನಾನು ಮಾಡಿದ ತಪ್ಪು

ಸ್ವಲ್ಪ ದಿನದ ಹಿಂದೆ ಇಂಥದ್ದೇ ಒಂದು ಗಲಾಟೆ ಸುದ್ದಿ ಬರೆದೆ. ಹುಡುಗನ ಹೆಸರು ಹಾಕಲಿಲ್ಲ. ಹೆಸರು ಹಾಕಬಾರದು ಅಂತ ಗೊತ್ತಿತ್ತು. ಆದರೆ ಯಾವ ಬೀದಿ, ಅಪ್ಪ ಏನು ಕೆಲಸ ಮಾಡ್ತಾರೆ ಅಂತ ಹಾಕಿದೆ. ನಮ್ಮಂಥ ಊರಲ್ಲಿ ಅಷ್ಟು ಸಾಕು. ಅರ್ಧ ಗಂಟೆಯಲ್ಲಿ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹುಡುಗನ ಫೋಟೋನೇ ಓಡಾಡ್ತಿತ್ತು.

ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಹೆಸರು ಮಾತ್ರ ಹಾಕಬೇಡಿ ಅನ್ನಲ್ಲ. ವಿಳಾಸ, ಶಾಲೆ, ಗುರುತು ಸಿಗೋ ಯಾವ ವಿವರವನ್ನೂ ಹಾಕಬಾರದು ಅನ್ನುತ್ತೆ. ತಪ್ಪಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ನಾನು ಬಿ.ಎ. ಅರ್ಧಕ್ಕೆ ಬಿಟ್ಟವನು, ಕಾನೂನು ಓದಿದವನಲ್ಲ. ಆದರೆ ಬರೆಯೋ ಕೆಲಸಕ್ಕೆ ಇಳಿದ ಮೇಲೆ ಗೊತ್ತಿರಲಿಲ್ಲ ಅನ್ನೋದು ನೆಪ ಅಷ್ಟೇ. ಸುದ್ದಿ ತೆಗೆಸಿದೆ. ತೆಗೆಸೋ ಹೊತ್ತಿಗೆ ಊರೆಲ್ಲ ಓದಿ ಆಗಿತ್ತು.

ಆ ಹುಡುಗನ ಅಮ್ಮ ಮನೆಯಲ್ಲಿ ಬಟ್ಟೆ ಹೊಲಿದು ಸಂಸಾರ ನಡೆಸೋರು. ಬ್ಲೌಸ್ ಪೀಸ್ ಕೊಟ್ಟಿದ್ದವರು ಹೊಲಿಯೋ ಮುಂಚೆಯೇ ವಾಪಸ್ ತಗೊಂಡು ಹೋದರಂತೆ. ಒಂದು ದಿನ ಟೀ ಅಂಗಡಿ ಹತ್ತಿರ ನನ್ನನ್ನ ನಿಲ್ಲಿಸಿದರು. ಬೈತಾರೆ ಅಂದುಕೊಂಡೆ. ಬೈಯಲಿಲ್ಲ.

"ನೋಡಪ್ಪಾ, ನನ್ ಮಗ ತಪ್ಪು ಮಾಡ್ದ. ನೀನು ಬರ್ದೆ. ಈಗ ನಾವೇನು ಮಾಡ್ಬೇಕು ಅಂತಾನೂ ಒಂದು ಬರೆದುಬಿಡು. ಯಾರೂ ಹೇಳ್ತಿಲ್ಲ ನಮಗೆ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡಿದ್ದನ್ನ ಇಲ್ಲಿ ಹಾಕ್ತಿದ್ದೀನಿ. ಈ ಸಲ ಗುರುತು ಸಿಗೋ ವಿವರ ಎಲ್ಲ ಬದಲಿಸಿದ್ದೀನಿ.

ಪ್ರಬಂಧ ಬರಿ ಅಂದ್ರಲ್ಲ, ಆ ಕೇಸು

ಮಕ್ಕಳ ಅಪರಾಧ, ಕೌನ್ಸೆಲಿಂಗ್ ಅಂದ ತಕ್ಷಣ ಜನ ನಗೋಕೆ ಶುರು ಮಾಡಿದ್ದು 2024ರ ಮೇ ತಿಂಗಳಿಂದ. ಪುಣೆಯಲ್ಲಿ ಮೇ 19ರ ಬೆಳಗಿನ ಜಾವ 17 ವರ್ಷದ ಹುಡುಗ ಓಡಿಸುತ್ತಿದ್ದ ಅಂತ ಆರೋಪ ಇರೋ ಪೋರ್ಷೆ ಕಾರು ಗುದ್ದಿ ಇಬ್ಬರು ಸಾಫ್ಟ್‌ವೇರ್ ಎಂಜಿನಿಯರ್‌ಗಳು ಸತ್ತರು. ಅವತ್ತೇ ಬೇಲ್ ಸಿಕ್ಕಿತು. ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೀಬೇಕು ಅನ್ನೋದು ಒಂದು ಷರತ್ತು. ದೇಶವೇ ಸಿಟ್ಟಿಗೆದ್ದಿತು. ಸಿಟ್ಟು ನ್ಯಾಯವಾಗೇ ಇತ್ತು.

ಆದರೆ ಆ ಕೇಸಿನಲ್ಲಿ ಮುಂದೆ ಏನಾಯ್ತು ನೆನಪು ಮಾಡಿಕೊಳ್ಳಿ. ಅಪ್ಪ ಅರೆಸ್ಟ್ ಆದರು. ಹುಡುಗನ ರಕ್ತದ ಸ್ಯಾಂಪಲ್ ಬದಲಾಯಿಸಿದ್ದಾರೆ ಅನ್ನೋ ಆರೋಪದ ಮೇಲೆ ಡಾಕ್ಟರ್‌ಗಳು ಅರೆಸ್ಟ್ ಆದರು, ಅಮ್ಮನೂ ಅರೆಸ್ಟ್ ಆದರು. ಆರೋಪ ಕೋರ್ಟಿನಲ್ಲಿ ತೀರ್ಮಾನ ಆಗಬೇಕು. ಹಾಗಿದ್ದರೂ ಪೊಲೀಸರ ತನಿಖೆಯೇ ಹುಡುಗನಿಂದ ಶುರುವಾಗಿ ಅವನ ಮನೆಗೆ ಬಂದು ನಿಂತಿತು ಅನ್ನೋದು ಕಣ್ಣಿಗೆ ಕಾಣೋ ವಿಷಯ.

ದೂರದ ಪುಣೆ ಬಿಡಿ. 2025ರ ಮೇನಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಆಟ ಆಡುವಾಗ ಶುರುವಾದ ಸಣ್ಣ ಜಗಳದಲ್ಲಿ ಶಾಲೆ ಹುಡುಗನೊಬ್ಬ ಇನ್ನೊಬ್ಬ ಶಾಲೆ ಹುಡುಗನಿಗೆ ಚಾಕು ಹಾಕಿದ, ಅವನು ಸತ್ತ. ಎರಡು ಮನೆ ಒಂದೇ ಸಂಜೆ ಹಾಳಾಯ್ತು. ಅದೇ ವರ್ಷ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಟಿವಿ ಶೋನಿಂದ ಹೆಸರು ಮಾಡಿದ ಇಬ್ಬರು ಮಚ್ಚು ಹಿಡಿದು ರೀಲ್ಸ್ ಮಾಡಿದ್ದಕ್ಕೆ ಅರೆಸ್ಟ್ ಆದರು. ನಮ್ಮ ಹುಡುಗರ ಫೋನು ತೆಗೆದು ನೋಡಿ, ಲಾಂಗು ಮಚ್ಚಿನ ಬಿಲ್ಡಪ್ ಹಾಡಿಗೆ ಮಾಡಿದ ರೀಲ್ಸ್ ಎಷ್ಟಿದೆ ಅಂತ.

ಹೀಗಾದಾಗೆಲ್ಲ ಎರಡೇ ಮಾತು ಕೇಳುತ್ತೆ. "ಒದ್ದು ಒಳಗೆ ಹಾಕಿ" ಅನ್ನೋದು ಒಂದು. "ಪಾಪ, ಮಕ್ಕಳು, ಬಿಟ್ಟುಬಿಡಿ" ಅನ್ನೋದು ಇನ್ನೊಂದು. ಎರಡರಲ್ಲೂ ಮನೆ ಲೆಕ್ಕಕ್ಕೇ ಬರಲ್ಲ.

ಮಿಸೌರಿಯಲ್ಲಿ ಮನೆಗೇ ಹೋದರು

ಮನೆಯನ್ನ ಲೆಕ್ಕಕ್ಕೆ ತಗೊಂಡ ಒಂದು ಕೆಲಸ ಅಮೆರಿಕದಲ್ಲಿ ನಡೆದಿದೆ. 1970ರ ದಶಕದ ಕೊನೆಯಲ್ಲಿ ಸ್ಕಾಟ್ ಹೆಂಗ್ಲರ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು ಒಂದು ವಿಧಾನ ಶುರು ಮಾಡಿದರು. ಹೆಸರು ಮಲ್ಟಿಸಿಸ್ಟಮಿಕ್ ಥೆರಪಿ. ಹೆಸರು ದೊಡ್ಡದು, ಕೆಲಸ ಸರಳ. ಹೊಡೆದಾಟ, ಕಳ್ಳತನ ಅಂತ ಪದೇ ಪದೇ ಸಿಕ್ಕಿಬೀಳೋ ಹುಡುಗನನ್ನ ಒಂದು ರೂಮಿನಲ್ಲಿ ಕೂರಿಸಿ ಬುದ್ಧಿ ಹೇಳೋ ಬದಲು, ಕೌನ್ಸೆಲರ್ ಆ ಹುಡುಗನ ಮನೆಗೆ ಹೋಗ್ತಾರೆ.

ಒಬ್ಬ ಕೌನ್ಸೆಲರ್ ಕೈಯಲ್ಲಿ 4ರಿಂದ 6 ಮನೆ ಮಾತ್ರ. ವಾರಕ್ಕೆ ಹಲವು ಸಲ ಭೇಟಿ, 3ರಿಂದ 5 ತಿಂಗಳು. ರಾತ್ರಿ ಗಲಾಟೆ ಆದರೂ ಫೋನ್ ಮಾಡಬಹುದು, ತಂಡದಲ್ಲಿ ಒಬ್ಬರು ಎತ್ತುತ್ತಾರೆ.

ಅಲ್ಲಿ ಹೋಗಿ ಮಾಡೋದೇನು? ಮೊದಲು ನೋಡ್ತಾರೆ. ರಾತ್ರಿ 9 ಗಂಟೆಗೆ ಹುಡುಗ ಎಲ್ಲಿದ್ದಾನೆ ಅಂತ ಮನೆಯಲ್ಲಿ ಯಾರಿಗಾದ್ರೂ ಗೊತ್ತಾ? ಅವನ ಸ್ನೇಹಿತರ ಅಪ್ಪ ಅಮ್ಮನ ನಂಬರ್ ಇವರ ಹತ್ತಿರ ಇದೆಯಾ? ಅಪ್ಪ ಒಂದು ಹೇಳಿ, ಅಮ್ಮ ಅದಕ್ಕೆ ವಿರುದ್ಧ ಇನ್ನೊಂದು ಹೇಳ್ತಾರಾ? ಶಾಲೆಗೆ ಹೋಗದ ದಿನ ಮನೆಗೆ ಗೊತ್ತಾಗುತ್ತಾ? ಅಪ್ಪನಿಗೇ ಕುಡಿತ ಇದೆಯಾ? ಆಮೇಲೆ ಒಂದೊಂದಾಗಿ ಸರಿ ಮಾಡ್ತಾ ಬರ್ತಾರೆ. ಹುಡುಗನನ್ನ ಬದಲಾಯಿಸೋ ಕೆಲಸ ಕೌನ್ಸೆಲರ್ ಮಾಡಲ್ಲ. ಅದನ್ನ ಮಾಡೋ ಶಕ್ತಿ ಅಪ್ಪ ಅಮ್ಮನಿಗೆ ಬರೋ ಹಾಗೆ ಮಾಡ್ತಾರೆ. ಯಾಕೆ ಅಂದ್ರೆ ಕೌನ್ಸೆಲರ್ ಐದು ತಿಂಗಳಿಗೆ ಹೋಗ್ತಾರೆ, ಅಪ್ಪ ಅಮ್ಮ ಅಲ್ಲೇ ಇರ್ತಾರೆ.

ಫಲಿತಾಂಶ? ಮಿಸೌರಿ ರಾಜ್ಯದಲ್ಲಿ ಚಾರ್ಲ್ಸ್ ಬೋರ್ಡ್ವಿನ್ ಮತ್ತು ಜೊತೆಯವರು 176 ಹುಡುಗ ಹುಡುಗಿಯರ ಮೇಲೆ ಮಾಡಿದ ಅಧ್ಯಯನ 1995ರಲ್ಲಿ ಪ್ರಕಟ ಆಯ್ತು. ಕೆಲವರ ಮನೆಗೆ ಈ ಚಿಕಿತ್ಸೆ, ಉಳಿದವರಿಗೆ ಒಬ್ಬೊಬ್ಬರನ್ನೇ ಕೂರಿಸಿ ಮಾಡೋ ಮಾಮೂಲಿ ಕೌನ್ಸೆಲಿಂಗ್. ಯಾರಿಗೆ ಯಾವುದು ಅನ್ನೋದನ್ನ ಚೀಟಿ ಎತ್ತಿದ ಹಾಗೆ ಹಂಚಿದ್ದರು. ನಾಲ್ಕು ವರ್ಷ ಆದ ಮೇಲೆ ನೋಡಿದರೆ, ಒಬ್ಬರನ್ನೇ ಕೂರಿಸಿ ಹೇಳಿದ ಗುಂಪಿನಲ್ಲಿ 100ಕ್ಕೆ 71 ಮಂದಿ ಮತ್ತೆ ಅರೆಸ್ಟ್ ಆಗಿದ್ದರು. ಮನೆಯನ್ನ ಸೇರಿಸಿಕೊಂಡ ಗುಂಪಿನಲ್ಲಿ 100ಕ್ಕೆ 26.

ಈ 71 ಅನ್ನೋ ಅಂಕಿ ನೋಡಿ ನನಗೆ ನಮ್ಮ ಮುಚ್ಚಳಿಕೆಗಳು ನೆನಪಾದವು. ಅವರಿಗೆ ವಾರಗಟ್ಟಲೆ ಕೂತು ಹೇಳಿದ್ದರು, ಆದರೂ ಅಷ್ಟು ಮಂದಿ ಮತ್ತೆ ಸಿಕ್ಕಿಬಿದ್ದರು. ನಾವು ಹೇಳೋದು ಅರ್ಧ ಗಂಟೆ.

ಇದೇ ತರಹದ್ದು ಇನ್ನೊಂದಿದೆ, ಫಂಕ್ಷನಲ್ ಫ್ಯಾಮಿಲಿ ಥೆರಪಿ ಅಂತ. ಯೂಟಾ ವಿಶ್ವವಿದ್ಯಾಲಯದ ಜೇಮ್ಸ್ ಅಲೆಕ್ಸಾಂಡರ್ ಮತ್ತು ಜೊತೆಯವರು ಕಟ್ಟಿದ್ದು. ಇದು 11ರಿಂದ 18 ವರ್ಷದವರಿಗೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮೊದಲ ಹಂತ. ಮನೆಯವರೆಲ್ಲ ಒಟ್ಟಿಗೆ ಕೂತಾಗ ಶುರುವಿನಲ್ಲಿ ಯಾವ ನಿಯಮವನ್ನೂ ಹೇರಲ್ಲ. ಒಬ್ಬರ ಮೇಲೊಬ್ಬರು ತಪ್ಪು ಹೊರಿಸೋದನ್ನ ನಿಲ್ಲಿಸೋದೇ ಮೊದಲ ಕೆಲಸ. "ಇವನು ಮನೆ ಮರ್ಯಾದೆ ಕಳೆದ" ಅಂತ ಅಪ್ಪ ಕೂಗಿದರೆ, ಕೌನ್ಸೆಲರ್ ಅದನ್ನೇ ತಿರುಗಿಸಿ, "ಇವನಿಗೆ ಏನಾದರೂ ಆಗಿಬಿಡುತ್ತೆ ಅಂತ ನಿಮಗೆ ಭಯ ಇದೆ ಅಲ್ವಾ" ಅಂತ ಕೇಳ್ತಾರೆ. ಎಷ್ಟೋ ಅಪ್ಪಂದಿರ ಸಿಟ್ಟಿನ ಕೆಳಗೆ ಇರೋದು ಭಯವೇ. ಹುಡುಗನಿಗೆ ಅದು ಗೊತ್ತೇ ಇರಲ್ಲ. ಬೆಲ್ಟ್ ಮಾತ್ರ ಗೊತ್ತಿರುತ್ತೆ.

ಹೆದರಿಸಿದರೆ ಸರಿ ಹೋಗ್ತಾರಾ?

"ಸಾರ್, ಒಂದು ರಾತ್ರಿ ಸ್ಟೇಷನ್‌ನಲ್ಲಿ ಕೂರಿಸಿ, ಬುದ್ಧಿ ಬರುತ್ತೆ" ಅಂತ ಅಪ್ಪಂದಿರೇ ಬಂದು ಕೇಳೋದನ್ನ ನಾನು ಕಂಡಿದ್ದೀನಿ. ಅವರ ಕಷ್ಟ ಅರ್ಥ ಆಗುತ್ತೆ. ಆದರೆ 10ನೇ ಸೆಕ್ಷನ್ ಪ್ರಕಾರ 18 ತುಂಬದವರನ್ನ ಪೊಲೀಸ್ ಲಾಕಪ್‌ನಲ್ಲಾಗಲಿ ಜೈಲಿನಲ್ಲಾಗಲಿ ಇಡೋ ಹಾಗಿಲ್ಲ.

ಕಾನೂನು ಬದಿಗಿಡಿ, ಹೆದರಿಸೋದು ಕೆಲಸ ಮಾಡುತ್ತಾ? ಇದನ್ನೂ ಅಮೆರಿಕದಲ್ಲೇ ಮಾಡಿ ನೋಡಿದ್ದಾರೆ. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾವೇ ಜೈಲಿಗೆ ಹುಡುಗರನ್ನ ಕರ್ಕೊಂಡು ಹೋಗಿ, ಜೀವಾವಧಿ ಕೈದಿಗಳಿಂದ ಕೂಗಾಡಿಸಿ ಹೆದರಿಸೋ ಕಾರ್ಯಕ್ರಮ ಮಾಡಿದರು. ಅದರ ಬಗ್ಗೆ 1978ರಲ್ಲಿ ಬಂದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಕೂಡ ಬಂತು. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಇಂಥ ಹಲವು ಕಾರ್ಯಕ್ರಮಗಳ ಲೆಕ್ಕ ಒಟ್ಟುಗೂಡಿಸಿ ನೋಡಿದಾಗ, ಜೈಲು ನೋಡಿ ಬಂದ ಹುಡುಗರು ನೋಡದೇ ಇದ್ದವರಿಗಿಂತ ಜಾಸ್ತಿ ಅಪರಾಧ ಮಾಡಿದ್ದರು. ಭಯ ಎರಡು ದಿನ ಇರುತ್ತೆ. ಆಮೇಲೆ "ನಾನು ಸ್ಟೇಷನ್ ನೋಡಿದವನು" ಅನ್ನೋದೇ ಸ್ನೇಹಿತರ ಮುಂದೆ ಬಿಲ್ಡಪ್ ಆಗುತ್ತೆ. ಇದನ್ನ ಹೇಳೋಕೆ ಅಮೆರಿಕದ ಲೆಕ್ಕವೂ ಬೇಡ, ನಮ್ಮ ಬಸ್ ಸ್ಟ್ಯಾಂಡ್ ಸಾಕು.

ಅರೆಬರೆ ಮಾಡಿದರೆ ಪ್ರಯೋಜನ ಇಲ್ಲ

ಫ್ಯಾಮಿಲಿ ಥೆರಪಿ ಅಂದ್ರೆ ಮಂತ್ರದಂಡ ಅಂತ ನಾನು ಹೇಳ್ತಿಲ್ಲ. ಅದೇ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಯೂಟಾದ ವಿಧಾನವನ್ನ ಕೋರ್ಟ್‌ಗಳ ಮೂಲಕ ಜಾರಿಗೆ ತಂದು 2004ರಲ್ಲಿ ಲೆಕ್ಕ ಹಾಕಿದರು. ವಿಧಾನವನ್ನ ಸರಿಯಾಗಿ ಕಲಿತು ಮಾಡಿದ ಕೌನ್ಸೆಲರ್‌ಗಳ ಕೈಗೆ ಸಿಕ್ಕ ಮಕ್ಕಳಲ್ಲಿ ಮತ್ತೆ ಗಂಭೀರ ಅಪರಾಧ ಮಾಡೋದು 38% ಕಡಿಮೆ ಆಗಿತ್ತು. ಅರೆಬರೆ ಮಾಡಿದವರ ಕೈಗೆ ಸಿಕ್ಕವರಲ್ಲಿ ಏನೂ ಉಪಯೋಗ ಕಾಣಲಿಲ್ಲ.

ಇಂಗ್ಲೆಂಡಿನಲ್ಲಿ ಮಿಸೌರಿ ವಿಧಾನವನ್ನ 684 ಕುಟುಂಬಗಳ ಮೇಲೆ ಪರೀಕ್ಷೆ ಮಾಡಿ 2018ರಲ್ಲಿ ಫಲಿತಾಂಶ ಕೊಟ್ಟರು. ಅಲ್ಲಿ ಆಗಲೇ ಸಿಗುತ್ತಿದ್ದ ಮಾಮೂಲಿ ಸೇವೆಗಿಂತ ಇದು ಹೆಚ್ಚೇನೂ ಮಾಡಲಿಲ್ಲ. ನನಗೆ ಇದರಿಂದ ಅನ್ನಿಸೋದು ಇಷ್ಟು. ಅಲ್ಲಿ ಮಾಮೂಲಿ ಸೇವೆ ಅಂದ್ರೇನೇ ಸಮಾಜ ಕಾರ್ಯಕರ್ತರು, ಮಕ್ಕಳ ಮಾನಸಿಕ ಆರೋಗ್ಯದ ತಂಡ ಎಲ್ಲ ಇರೋ ವ್ಯವಸ್ಥೆ. ನಮ್ಮಲ್ಲಿ ಮಾಮೂಲಿ ಅಂದ್ರೆ ಮುಚ್ಚಳಿಕೆ.

ಹಾಗಾಗಿ ಶಾಲು ಹಾಕಿ, ಹಾರ ಹಾಕಿ, ಬ್ಯಾನರ್ ಕಟ್ಟಿ, ಒಂದು ದಿನದ "ಯುವಜನ ಜಾಗೃತಿ ಕಾರ್ಯಕ್ರಮ" ಮಾಡಿ ಕೌನ್ಸೆಲಿಂಗ್ ಆಯ್ತು ಅಂತ ಫೋಟೋ ಕಳಿಸಿದರೆ ಅದು ಫ್ಯಾಮಿಲಿ ಥೆರಪಿ ಅಲ್ಲ. ನಾನೂ ಅಂಥ ಫೋಟೋ ಹಾಕಿದ್ದೀನಿ, ಅದಕ್ಕೇ ಹೇಳ್ತಿದ್ದೀನಿ.

ಇದು ವಿದೇಶದ ಐಡಿಯಾ ಅಂತ ತಳ್ಳಬೇಡಿ

ಕೆಲವರು ಹೇಳಬಹುದು, ಅಮೆರಿಕದ್ದು ನಮಗೆ ಆಗಲ್ಲ ಅಂತ. ಆದರೆ ಕಾಯಿಲೆ ಬಂದವರ ಜೊತೆ ಮನೆಯವರನ್ನೂ ಕೂರಿಸಿಕೊಳ್ಳೋದು ನಮ್ಮ ದೇಶದಲ್ಲೂ ಹಳೇದೇ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆ ಆವರಣದಲ್ಲೇ ಟೆಂಟ್ ಹಾಕಿಸಿ ರೋಗಿಗಳ ಮನೆಯವರನ್ನ ಜೊತೆಗೆ ಇರಿಸಿಕೊಂಡರು. ಮನೆಯವರು ನೋಡಿ ಕಲಿತರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆ ಅಂತಲೇ ಫ್ಯಾಮಿಲಿ ಸೈಕಿಯಾಟ್ರಿ ಕೇಂದ್ರ ದಶಕಗಳಿಂದ ಇದೆ.

ಇನ್ನು ತಾಲ್ಲೂಕು ಮಟ್ಟಕ್ಕೆ ಮಾನಸಿಕ ಆರೋಗ್ಯ ತರಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟಿದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾಡಿದ ಕೆಲಸವೇ ಮುಂದೆ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಯ್ತು. ಜನ ಈಗಲೂ "ಬಳ್ಳಾರಿ ಮಾಡೆಲ್" ಅಂತಲೇ ಕರೀತಾರೆ.

ಕಾನೂನಿನಲ್ಲಿ ಅಪ್ಪ ಅಮ್ಮನೂ ಇದ್ದಾರೆ

ಬಾಲನ್ಯಾಯ ಕಾಯ್ದೆ ಅಂದ್ರೆ "ಮಕ್ಕಳು ಏನು ಮಾಡಿದರೂ ಬಿಟ್ಟುಬಿಡೋ ಕಾಯ್ದೆ" ಅಂತ ಊರಲ್ಲಿ ಮಾತಿದೆ. ಅದು ತಪ್ಪು. 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಕನಿಷ್ಠ ಶಿಕ್ಷೆ ಇರೋ ಘೋರ ಅಪರಾಧ ಮಾಡಿದ 16 ದಾಟಿದವರ ಕೇಸನ್ನ ದೊಡ್ಡವರ ಹಾಗೆ ವಿಚಾರಣೆ ಮಾಡಬೇಕಾ ಅಂತ ಪರಿಶೀಲಿಸೋಕೆ 15ನೇ ಸೆಕ್ಷನ್ ಇದೆ.

ಉಳಿದ ಕೇಸುಗಳಿಗೆ 18ನೇ ಸೆಕ್ಷನ್. ಅದರ ಮೊದಲ ಅಂಶವನ್ನೇ ಓದಿ. ವಿಚಾರಣೆ ಮಾಡಿ, ಮಗುವಿಗೂ ಅದರ ತಂದೆತಾಯಿಗೂ ಕೌನ್ಸೆಲಿಂಗ್ ಕೊಟ್ಟು, ತಿಳಿಹೇಳಿ ಮನೆಗೆ ಕಳಿಸಬಹುದು ಅಂತ ಅದರಲ್ಲಿದೆ. ಬರೀ ಮಗುವಿಗೆ ಅಂತಿಲ್ಲ. ಅದರ ಜೊತೆ ಗ್ರೂಪ್ ಕೌನ್ಸೆಲಿಂಗ್, ಸಮುದಾಯ ಸೇವೆ, ಮೂರು ವರ್ಷದವರೆಗೆ ನಿಗಾದಲ್ಲಿ ಮನೆಯಲ್ಲೇ ಬಿಡೋದು, ಮೂರು ವರ್ಷದವರೆಗೆ ವಿಶೇಷ ಗೃಹಕ್ಕೆ ಕಳಿಸೋದು ಎಲ್ಲ ಇದೆ.

ಇದನ್ನ ತೀರ್ಮಾನ ಮಾಡೋದು ಜಿಲ್ಲೆಯ ಬಾಲನ್ಯಾಯ ಮಂಡಳಿ. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕರು, ಅವರಲ್ಲಿ ಒಬ್ಬರಾದರೂ ಮಹಿಳೆ. ಮಗುವನ್ನ ಮೊದಲ ಸಲ ಹಾಜರು ಮಾಡಿದ 15 ದಿನದೊಳಗೆ ಮನೆ ಪರಿಸ್ಥಿತಿ ಬಗ್ಗೆ ಒಂದು ಸಾಮಾಜಿಕ ತನಿಖಾ ವರದಿ ಮಂಡಳಿಗೆ ಬರಬೇಕು. ಅಪ್ಪ ಕುಡಿತಾರಾ, ಮನೆಯಲ್ಲಿ ಹೊಡೆತ ಇದೆಯಾ, ಶಾಲೆ ಬಿಟ್ಟಿದ್ದು ಯಾಕೆ, ಇವೆಲ್ಲ ಬರಬೇಕಾದ ಜಾಗ ಅದು.

ಈಗ ನಮ್ಮ ಠಾಣೆ ರಾಜಿಗೆ ಬನ್ನಿ. ಸಣ್ಣ ಗಲಾಟೆಗೆ ಹುಡುಗನ ಮೇಲೆ ಕೇಸ್ ಬೀಳದೆ ಇರಲಿ ಅಂತ ಊರವರು ರಾಜಿ ಮಾಡಿಸ್ತಾರೆ. ಉದ್ದೇಶ ಒಳ್ಳೇದೇ. ಆದರೆ 2016ರ ನಿಯಮಗಳ ಪ್ರಕಾರ ಸಣ್ಣ ಅಪರಾಧಗಳಲ್ಲಿ ಮಕ್ಕಳ ಮೇಲೆ ಎಫ್‌ಐಆರ್ ಹಾಕೋ ಪದ್ಧತಿಯೇ ಇಲ್ಲ. ಠಾಣೆ ಡೈರಿಯಲ್ಲಿ ಬರೆದು, ಮನೆಯ ಹಿನ್ನೆಲೆ ವರದಿ ಜೊತೆ ಮಂಡಳಿಗೆ ಕಳಿಸಬೇಕು. ಪೂರ್ತಿ ದೊಡ್ಡವರ ಹಾಗೆ ಶಿಕ್ಷೆ ಆದ ಕೇಸು ಬಿಟ್ಟರೆ, ಮುಂದೆ ಕೆಲಸಕ್ಕೆ, ಪಾಸ್‌ಪೋರ್ಟ್‌ಗೆ ಇದು ಕಳಂಕ ಆಗಬಾರದು ಅಂತ 24ನೇ ಸೆಕ್ಷನ್ ಹೇಳುತ್ತೆ. ಅಂದ್ರೆ ಯಾವುದಕ್ಕೆ ಹೆದರಿ ರಾಜಿ ಮಾಡಿಸ್ತೀವೋ ಆ ಭಯಕ್ಕೆ ಅಷ್ಟು ಆಧಾರ ಇಲ್ಲ. ರಾಜಿ ಆದ ದಿನ ಹುಡುಗ ಕೇಸಿನಿಂದ ತಪ್ಪಿಸಿಕೊಳ್ತಾನೆ. ಆ ಮನೆಗೆ ಸಿಗಬಹುದಾಗಿದ್ದ ಕೌನ್ಸೆಲಿಂಗ್ ಕೂಡ ಅಲ್ಲೇ ತಪ್ಪಿಹೋಗುತ್ತೆ.

ನಮ್ಮ ತಾಲ್ಲೂಕಿನವರು ಏನು ಮಾಡಬಹುದು?

ಮನೆಗೇ ಬರೋ ಅಮೆರಿಕದ ತರಹದ ಕೌನ್ಸೆಲರ್ ನಮಗೆ ನಾಳೆ ಸಿಗಲ್ಲ. ಸಿಗೋದನ್ನ ಹೇಳ್ತೀನಿ.

ಟೆಲಿ ಮಾನಸ್, 14416. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾಯ್ತು. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗ ಮಾತಾಡೋಕೆ ಒಪ್ಪಲಿಲ್ಲ ಅಂದ್ರೆ ಅಮ್ಮನೇ ಫೋನ್ ಮಾಡಿ ಕೇಳಬಹುದು. ಅಲ್ಲಿಂದಲೇ ಹತ್ತಿರದ ಆಸ್ಪತ್ರೆ ಎಲ್ಲಿ ಅಂತ ಕೇಳಿಕೊಳ್ಳಿ.

ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕಿಗೆ ಬರಬೇಕು ಅಂತ ರಾಜ್ಯ ಸರ್ಕಾರ ಮಾಡಿದ ವ್ಯವಸ್ಥೆ. ಸೋಮವಾರವೇ ಆಸ್ಪತ್ರೆಗೆ ಫೋನ್ ಮಾಡಿ, ನಾಳೆ ಬರ್ತಾರಾ ಅಂತ ಕೇಳಿ ಹೋಗಿ. ಹೋಗುವಾಗ ಹುಡುಗನೊಬ್ಬನನ್ನೇ ತಳ್ಳಬೇಡಿ. ಅಪ್ಪ ಅಮ್ಮ ಇಬ್ಬರೂ ಹೋಗಿ, "ನಮ್ಮ ಮನೆಯವರ ಜೊತೆ ಒಟ್ಟಿಗೆ ಮಾತಾಡಿ" ಅಂತ ಬಾಯಿಬಿಟ್ಟು ಕೇಳಿ.

ಸ್ನೇಹ ಕ್ಲಿನಿಕ್. 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಇರೋ ಆಪ್ತ ಸಮಾಲೋಚನೆ ಕೇಂದ್ರ. ಇನ್ನು ಜಿಲ್ಲಾ ಕ್ರೀಡಾಂಗಣದ ಯುವ ಸ್ಪಂದನ ಕೇಂದ್ರ, ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸೋದು, ಕಾಲೇಜು ವಯಸ್ಸಿನವರಿಗೆ ಅನುಕೂಲ.

ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ. ಪ್ರತಿ ಠಾಣೆಯಲ್ಲೂ ಒಬ್ಬರು ಇರಬೇಕು ಅಂತ ಕಾಯ್ದೆ ಹೇಳುತ್ತೆ. ಮಗನನ್ನ ಠಾಣೆಗೆ ಕರೆದರೆ ಮೊದಲು ಅವರು ಯಾರು ಅಂತ ಕೇಳಿ. ಮಂಡಳಿ ಮುಂದೆ ಹೋದರೆ 18ನೇ ಸೆಕ್ಷನ್ ಪ್ರಕಾರ ನಮಗೂ ಕೌನ್ಸೆಲಿಂಗ್ ಕೊಡಿಸಿ ಅಂತ ಕೇಳೋದಕ್ಕೆ ನಾಚಿಕೊಳ್ಳಬೇಡಿ.

ಒಂದು ಎಚ್ಚರಿಕೆ. ಮನೆಯಲ್ಲೇ ಅಮ್ಮನಿಗೋ ಮಕ್ಕಳಿಗೋ ವಿಪರೀತ ಹೊಡೆತ ಬೀಳ್ತಿದ್ರೆ, ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡೋದು ಆಮೇಲಿನ ಮಾತು. ಅಲ್ಲಿ ಬಾಯಿಬಿಟ್ಟವರಿಗೆ ಮನೆಗೆ ಬಂದ ಮೇಲೆ ಇನ್ನೂ ಜಾಸ್ತಿ ಬೀಳಬಹುದು. ಮೊದಲು ರಕ್ಷಣೆ. ಮಕ್ಕಳಿಗೆ 1098, ಹೆಂಗಸರಿಗೆ 181, ತುರ್ತಿಗೆ 112.

ಅಂಗಡಿಯವರಿಗೆ ನಾಲ್ಕು ಮಾತು

ಅಂಗಡಿಯವರನ್ನ ಇದರಲ್ಲಿ ಯಾಕೆ ಎಳೀತೀಯಾ ಅನ್ನಬೇಡಿ. ಹುಡುಗ ಶಾಲೆ ತಪ್ಪಿಸಿದ್ದು ಮೇಷ್ಟ್ರಿಗೆ ಗೊತ್ತಾಗೋ ಮುಂಚೆ ಬೇಕರಿಯವರಿಗೆ ಗೊತ್ತಾಗುತ್ತೆ. ಯಾರ ಗುಂಪಿಗೆ ಯಾರು ಸೇರಿದರು ಅಂತ ಮೊಬೈಲ್ ರೀಚಾರ್ಜ್ ಅಂಗಡಿಯಣ್ಣನಿಗೆ ಗೊತ್ತಿರುತ್ತೆ. ಮಿಸೌರಿಯ ಕೌನ್ಸೆಲರ್‌ಗಳು ಮನೆ ಆಚೆ ಹುಡುಕೋದು ನಿಮ್ಮಂಥವರನ್ನೇ. ಮನೆಗೆ ಸುದ್ದಿ ಮುಟ್ಟಿಸೋಕೆ ಒಬ್ಬ ದೊಡ್ಡವರು ಬೇಕು.

ಕಂಡಿದ್ದನ್ನ ಮೊದಲು ಅಪ್ಪ ಅಮ್ಮನಿಗೆ ಹೇಳಿ, ಗ್ರೂಪಿಗೆ ಹಾಕಬೇಡಿ. ಸಿಸಿ ಕ್ಯಾಮೆರಾದ ವಿಡಿಯೋ ಪೊಲೀಸರು ಕೇಳಿದರೆ ಕೊಡಿ, ಸ್ಟೇಟಸ್‌ಗೆ ಹಾಕಬೇಡಿ. ನಾನು ಮಾಡಿದ ತಪ್ಪನ್ನೇ ನೀವು ಮಾಡಿದ ಹಾಗಾಗುತ್ತೆ. 18 ತುಂಬದವರ ಕೈಗೆ ಸಿಗರೇಟು, ಗುಟ್ಕಾ ಕೊಡಬೇಡಿ. 77ನೇ ಸೆಕ್ಷನ್‌ನಲ್ಲಿ ಅದಕ್ಕೆ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ ಇದೆ. ಕೊನೇದು, ಗಲಾಟೆ ಮಾಡಿದ ಹುಡುಗನ ಮನೆಯವರ ಜೊತೆ ವ್ಯವಹಾರ ನಿಲ್ಲಿಸಬೇಡಿ. ಅಮ್ಮನ ಹೊಲಿಗೆ ನಿಂತರೆ ಆ ಮನೆಯಲ್ಲಿ ಜಗಳ ಜಾಸ್ತಿ ಆಗುತ್ತೆ. ಜಗಳ ಜಾಸ್ತಿ ಆದರೆ ಹುಡುಗ ಮತ್ತೆ ನಿಮ್ಮ ಅಂಗಡಿ ಮುಂದೆಯೇ ಬಂದು ನಿಲ್ಲೋದು.

ಆಡಳಿತದವರಿಗೆ ನಮ್ಮ ಪ್ರಶ್ನೆಗಳು ಎರಡೇ. ಮಂಗಳವಾರದ ಮನೋವೈದ್ಯರು ಕಳೆದ ಮೂರು ತಿಂಗಳಲ್ಲಿ ನಮ್ಮ ತಾಲ್ಲೂಕಿಗೆ ಎಷ್ಟು ಸಲ ಬಂದರು? ಬಾಲನ್ಯಾಯ ಮಂಡಳಿ ಮುಂದೆ ಬಂದ ಮಕ್ಕಳ ಪೈಕಿ ಎಷ್ಟು ಜನರ ಅಪ್ಪ ಅಮ್ಮನಿಗೆ ಕೌನ್ಸೆಲಿಂಗ್ ಆಯ್ತು, ಎಷ್ಟು ಸಲ ಆಯ್ತು? ಹೆಸರು ಬೇಡ, ಸಂಖ್ಯೆ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ತಿದ್ದೀನಿ. ಉತ್ತರ ಬಂದ ದಿನ ಇಲ್ಲೇ ಹಾಕ್ತೀನಿ. ಬರದಿದ್ದರೆ ಬರಲಿಲ್ಲ ಅಂತಾನೂ ಹಾಕ್ತೀನಿ.

ಆ ಅಮ್ಮನ ಮನೆಗೆ ಮೊನ್ನೆ ಹೋಗಿದ್ದೆ. 14416 ನಂಬರನ್ನ ಕ್ಯಾಲೆಂಡರ್ ಮೇಲೆ ಬರೆದುಕೊಟ್ಟೆ, ಮಂಗಳವಾರದ ಕ್ಲಿನಿಕ್ ಬಗ್ಗೆ ಹೇಳಿದೆ. "ಅವರಪ್ಪ ಬರ್ತಾರಾ ಅನ್ನೋದೇ ಡೌಟು ಕಣಪ್ಪ" ಅಂದರು. ಒಳಗಿನಿಂದ ಅವರು ಎದ್ದು ಬಂದರು. ಕೋಪದಲ್ಲೇ ಇದ್ದರು ನನ್ನ ಮೇಲೆ, ಅದು ನ್ಯಾಯವೇ. ಕ್ಯಾಲೆಂಡರ್ ನೋಡಿ, "ಯಾವ ಮಂಗಳವಾರ?" ಅಂತ ಕೇಳಿದರು.

ನಾನು ತೋರಿಸಿದೆ. ಆಸ್ಪತ್ರೆಗೆ ಸೋಮವಾರ ನಾನೇ ಫೋನ್ ಮಾಡಿ ಕೇಳಿ ಹೇಳ್ತೀನಿ ಅಂದು ಬಂದಿದ್ದೀನಿ.